ಟಂಕಶಾಲೆಯಲ್ಲಿ ಸುವರ್ಣಕ್ಷಯ: ಹರಸ್ತಿಯ ಮೇಲಣ ಅಪಹಾರಾಭಿಯೋಗ

ಬೆಂಕಿಯಲ್ಲಿ ಚಿನ್ನವು ಕ್ಷಯಿಸುವುದಿಲ್ಲವೆಂದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ವಿಧಿಸುತ್ತದೆ. ಬೆಳ್ಳಿಗಾದರೋ ನೂರು ಪಲಕ್ಕೆ ಎರಡು ಪಲದ ನಷ್ಟವನ್ನು ಒಪ್ಪುತ್ತದೆ. ಕರಗಿಸಲು ಕೊಟ್ಟ ಚಿನ್ನವು ತೂಕದಲ್ಲಿ ಕಡಮೆಯಾದರೆ ಅಕ್ಕಸಾಲಿಗನೇ ಹೊಣೆಯೆಂಬುದು ಇದರ ತಾತ್ಪರ್ಯ. ಕೌಟಿಲ್ಯನು ಮಾತ್ರ ಕಾಸುವಲ್ಲಿ ಒಂದು ಸುವರ್ಣಕ್ಕೆ ಒಂದು ಕಾಕಣಿಯ ಕ್ಷಯವನ್ನು ಅಂಗೀಕರಿಸಿರುವನು. ಹೀಗೆ ನಮ್ಮ ಶಾಸ್ತ್ರಕಾರರು ವಿಚಾರಿಸಿದ ಪ್ರಶ್ನೆಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನ್ಯಾಯಸ್ಥಾನವೊಂದರಲ್ಲಿ ರೂಪಾಂತರದಿಂದ ತಲೆದೋರಿತು.

ಅಲ್ಲಿಯ ಪ್ರತಿವಾದಿಯು ಆಗೊಷ್ಟನ್ ಹರಸ್ತಿ. ಈತನು ೧೮೧೨ರಲ್ಲಿ ಹಂಗೇರಿಯ ಪೆಷ್ಟ್ ನಗರದಲ್ಲಿ ಜನಿಸಿ, ೧೮೪೦ರಲ್ಲಿ ಅಮೆರಿಕಕ್ಕೆ ಬಂದು, ೧೮೪೯ರಲ್ಲಿ ಕ್ಯಾಲಿಫೋರ್ನಿಯವನ್ನು ಸೇರಿದನು. ಹಿಂದಿನ ವರ್ಷವೇ ಆ ಸೀಮೆಯಲ್ಲಿ ಚಿನ್ನವು ದೊರೆತಿದ್ದುದರಿಂದ ೧೮೫೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಟಂಕಶಾಲೆಯು ಏರ್ಪಟ್ಟಿತು. ಹರಸ್ತಿಯು ಅಲ್ಲಿ ಮೊದಲು ಲೋಹಪರೀಕ್ಷಕನಾಗಿದ್ದು, ಬಳಿಕ ಚಿನ್ನವನ್ನು ಕರಗಿಸಿ ಶೋಧಿಸುವ ಅಧಿಕಾರಿಯಾದನು. ೧೮೫೭ರಲ್ಲಿ ೧,೫೧,೫೫೦ ಡಾಲರು ಬೆಲೆಯ ಚಿನ್ನವು ಲೆಕ್ಕಕ್ಕೆ ಸಿಗಲಿಲ್ಲ. ಆತನೇ ಅಪಹರಿಸಿದನೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಅಭಿಯೋಗವಾಯಿತು.

ಆತನ ಉತ್ತರವಿದು: ನಾಣ್ಯದ ಬೇಡಿಕೆಯನ್ನು ಪೂರೈಸಲು ಕುಲುಮೆಗಳನ್ನು ಮಿತಿಮೀರಿ ಉರಿಸಿದುದರಿಂದ ಚಿನ್ನವು ಹೊಗೆಯೊಡನೆ ಚಿಮಣಿಯ ಮೂಲಕ ಹೊರಬಿದ್ದಿತು. ನೆರೆಯ ಮಾಳಿಗೆಗಳ ಮೇಲೆ ಸಿಕ್ಕಿದ ಚಿನ್ನದ ಕಣಗಳು ಈ ಮಾತಿಗೆ ಸಾಕ್ಷ್ಯವಾದವು. ದಂಡನೀಯ ಅಭಿಯೋಗವು ಹಿಂತೆಗೆಯಲ್ಪಟ್ಟಿತು. ಧನದ ವಿಷಯವಾದ ದಾವೆಯಲ್ಲಿಯೂ ೧೮೬೧ರಲ್ಲಿ ಆತನು ನಿರ್ದೋಷಿಯೆಂದು ತೀರ್ಮಾನವಾಯಿತು.

ಇದರಿಂದ ಸ್ಮೃತಿವಚನಕ್ಕೆ ಬಾಧೆಯುಂಟೋ ಎಂದರೆ, ಇಲ್ಲ. ಚಿನ್ನವು ೧೦೬೪ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುವುದಾದರೂ ಆವಿಯಾಗಿ ಕುದಿಯಲು ಅದಕ್ಕಿಂತ ಬಹಳ ಹೆಚ್ಚಿನ ಶಾಖವು ಬೇಕು. ಅದು ಸುಟ್ಟು ಬೂದಿಯಾಗುವುದೂ ಇಲ್ಲ. ಆದರೆ ಕುಲುಮೆಯ ಬಲವಾದ ಗಾಳಿಯು ಸೂಕ್ಷ್ಮಕಣಗಳನ್ನು ಒಯ್ಯಬಲ್ಲುದು. ಆದುದರಿಂದ ಇಲ್ಲಿ ಆದುದು ದ್ರವ್ಯನಾಶವಲ್ಲ, ಸ್ಥಾನಾಂತರ. ತೂಕದ ಕೊರತೆಯು ಕೊರತೆಯನ್ನು ಮಾತ್ರ ಸಾಧಿಸುತ್ತದೆ. ಕಳ್ಳನನ್ನು ಸಾಧಿಸಲು ಪ್ರಮಾಣಾಂತರವು ಬೇಕು.

ಅಭಿಯೋಗವು ಹುಟ್ಟಿದ ೧೮೫೭ರಲ್ಲಿಯೇ ಹರಸ್ತಿಯು ಸೊನೋಮದಲ್ಲಿ ಬ್ಯುಯೆನ ವಿಸ್ಟ ಎಂಬ ದ್ರಾಕ್ಷಾಮದ್ಯದ ಕಾರ್ಖಾನೆಯನ್ನು ಸ್ಥಾಪಿಸಿದ್ದನು. ಬಿಡುಗಡೆಯಾದ ವರ್ಷವೇ ಯೂರೋಪಿಗೆ ಹೋಗಿ ಲಕ್ಷಕ್ಕೂ ಮಿಕ್ಕಿ ದ್ರಾಕ್ಷಿಯ ಕಡ್ಡಿಗಳನ್ನು ತಂದನು; ೧೮೬೨ರಲ್ಲಿ ದ್ರಾಕ್ಷಾಕೃಷಿಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಸ್ಪೇನಿನ ಪಾದ್ರಿಗಳು ಆತನಿಗಿಂತ ಮುಂಚೆಯೇ ಆ ನಾಡಿನಲ್ಲಿ ದ್ರಾಕ್ಷಿಯನ್ನು ಬೆಳೆದಿದ್ದರಾದ ಕಾರಣ, ಆತನನ್ನು ಆ ಉದ್ಯಮದ ಜನಕನೆಂಬುದು ಪ್ರಶಂಸೆಯ ಮಾತು, ಪ್ರವರ್ಧಕನೆಂಬುದು ಯುಕ್ತ. ೧೮೬೯ರಲ್ಲಿ ಆತನು ನಿಕರಾಗುವ ದೇಶದಲ್ಲಿ ಕಾಣೆಯಾದನು. ನದಿಯಲ್ಲಿ ಬಿದ್ದು ಮಡಿದನೆಂದು ಭಾವಿಸಲಾಗಿದೆ.