ಪಥ್ಯವೂ ಮನಸ್ಸೂ

ಬೆಂಕಿಗೆ ತಾಗಿದ ಬೆರಳು ಯಾರ ಉಪದೇಶಕ್ಕೂ ಕಾಯದೆ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಕಾರಣಕ್ಕೂ ನೋವಿಗೂ ನಡುವೆ ಕಾಲದ ಅಂತರವಿಲ್ಲ. ಮಧುಮೇಹದ ಸಂಗತಿ ಹಾಗಲ್ಲ. ಮಿತಿಮೀರಿ ಉಂಡು ರಕ್ತದಲ್ಲಿ ಸಕ್ಕರೆ ಏರಿದಾಗ ನೋವೇನೂ ಆಗುವುದಿಲ್ಲ. ರುಚಿ ಆ ಕ್ಷಣವೇ ದೊರೆಯುತ್ತದೆ. ಕಣ್ಣಿಗೆ, ಮೂತ್ರಪಿಂಡಕ್ಕೆ, ಕಾಲಿನ ನರಗಳಿಗೆ ಆಗುವ ಹಾನಿ ಗೋಚರಿಸುವುದು ಹಲವು ವರ್ಷಗಳ ಮೇಲೆ. ದೂರದ ನಷ್ಟವನ್ನು ಕಿರಿದಾಗಿಯೂ ಹತ್ತಿರದ ಸುಖವನ್ನು ಹಿರಿದಾಗಿಯೂ ಎಣಿಸುವುದು ಮನಸ್ಸಿನ ಸ್ವಭಾವ. ಪಥ್ಯವನ್ನು ಬಲ್ಲವರೂ ಪಥ್ಯ ತಪ್ಪುವುದಕ್ಕೆ ಇದು ಮೊದಲನೆಯ ಕಾರಣ.

ಎರಡನೆಯ ಕಾರಣ ಮಾನದ ಪ್ರಶ್ನೆ. ಮಂಡ್ಯ ಜಿಲ್ಲೆಯನ್ನೇ ನೋಡೋಣ. ಕಾವೇರಿಯ ಕಾಲುವೆ ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರಗಳ ಬತ್ತ ಕಬ್ಬಿನ ನೆಲದಲ್ಲಾಗಲಿ, ರಾಗಿ ಬೆಳೆಯುವ ಕೆ.ಆರ್. ಪೇಟೆ, ನಾಗಮಂಗಲಗಳಲ್ಲಾಗಲಿ, ಒತ್ತಾಯಮಾಡಿ ಬಡಿಸುವುದೇ ಆದರ. ಬೀಗರ ಊಟದಲ್ಲಿ 'ಸಾಕು' ಎಂದರೆ ಸಂಕೋಚವೆಂದೇ ಅರ್ಥ. ದುಡಿಯುವ ಗಂಡಸು ಗಟ್ಟಿಯಾಗಿ ಉಣ್ಣಬೇಕೆಂಬುದು ಹಿಂದಿನಿಂದ ಬಂದ ನಂಬಿಕೆ. ಕಡಮೆ ಉಂಡರೆ ಜನ ತನ್ನನ್ನು ಕೈಲಾಗದವನೆಂದಾರೆಂಬ ಅಳುಕಿನಿಂದ ರೋಗವನ್ನೇ ಮರೆಮಾಚುವವರುಂಟು. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ ಮುದ್ದೆಯ ಗಾತ್ರ ನೇಗಿಲಿನ ಕಾಲದ್ದಾಗಿಯೇ ಉಳಿದಿರುವ ಮನೆಗಳೂ ಉಂಟು.

ಮೂರನೆಯದು ಮನಸ್ಸು ತಾನೇ ಕಲ್ಪಿಸಿಕೊಳ್ಳುವ ವಿನಾಯಿತಿ. 'ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ತಿನ್ನುತ್ತೇನೆ' ಎನ್ನುವವರನ್ನು ನಾವೆಲ್ಲ ಬಲ್ಲೆವು. ಆಲೆಮನೆಯ ಬೆಲ್ಲದಲ್ಲಿಯೂ ಬಹುಭಾಗ ಸಕ್ಕರೆಯೇ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೇರಳವೆಂಬುದು ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವಿದೆ. ಒಳ್ಳೆಯ ಆಹಾರವೆಂದ ಮಾತ್ರಕ್ಕೆ ಅಳತೆ ಬೇಡವೆಂದಲ್ಲ.

ಹಾಗಾದರೆ ಉಪಾಯವೇನು? ಬೈಗುಳವಂತೂ ಅಲ್ಲ. 'ಇದು ನನ್ನಿಂದಾದೀತು' ಎಂಬ ನಂಬಿಕೆಯೇ ಪ್ರಯತ್ನವನ್ನು ಮುಂದುವರಿಸುವ ಬಲವೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಪ್ರತಿಪಾದಿಸಿದರು. ಈ ನಂಬಿಕೆ ಬೆಳೆಯುವುದು ಸಣ್ಣ ಸಣ್ಣ ಜಯಗಳಿಂದ. ಎರಡು ಮುದ್ದೆ ಉಣ್ಣುವವರು ಒಂದೂವರೆಗೆ ಇಳಿಸಿ, ಆ ಜಾಗಕ್ಕೆ ಸೊಪ್ಪಿನ ಪಲ್ಯವನ್ನು ಸೇರಿಸಿಕೊಂಡರೆ ಅದೊಂದು ಜಯ. ಸಂದರ್ಭವನ್ನೂ ಉತ್ತರವನ್ನೂ ಮೊದಲೇ ಗೊತ್ತುಮಾಡಿಕೊಂಡರೆ ಸಂಕಲ್ಪ ಕೈಗೂಡುವುದು ಸುಲಭವೆಂದು ಪೀಟರ್ ಗಾಲ್ವಿಟ್ಜರ್ 1999ರಲ್ಲಿ ವಿವರಿಸಿದರು. 'ಪಾಯಸ ಬಂದರೆ ಎಲೆಗೆ ಕೈ ಅಡ್ಡವಿಟ್ಟು ಮಜ್ಜಿಗೆ ಕೇಳುತ್ತೇನೆ' ಎಂದು ಮನೆಯಲ್ಲೇ ನಿಶ್ಚಯಿಸಿ ಹೊರಟವನು ಪಂಕ್ತಿಯಲ್ಲಿ ತಡವರಿಸಬೇಕಾಗಿಲ್ಲ.

ಮನೆಯವರ ಪಾತ್ರವೂ ದೊಡ್ಡದು. ಒಬ್ಬನಿಗೆ ಮಾತ್ರ ಬೇರೆ ಅಡಿಗೆ ಮಾಡಿದರೆ ಅವನಿಗದು ಶಿಕ್ಷೆಯಂತೆ ತೋರುತ್ತದೆ. ಎಲ್ಲರೂ ಸೊಪ್ಪು, ಕಾಳು, ತರಕಾರಿಗಳನ್ನು ಹೆಚ್ಚಿಸಿಕೊಂಡರೆ ಅದು ಮನೆಯ ಪದ್ಧತಿಯಾಗುತ್ತದೆ.

ದೇಹ ತಾನಾಗಿ ಕೊಡದ ಸೂಚನೆಯನ್ನು ಪರೀಕ್ಷೆಯಿಂದ ಪಡೆಯಬಹುದು. ರಕ್ತದ ಕೆಂಪುಕಣಗಳ ಆಯುಸ್ಸು ಸುಮಾರು 120 ದಿನ. ಅವುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಲೆಕ್ಕವನ್ನು ಮುಂದಿಡುತ್ತದೆ. ಒಂದು ದಿನದ ಹಬ್ಬಕ್ಕಾಗಿ ಎದೆಗುಂದಬೇಕಿಲ್ಲ, ಒಂದು ದಿನದ ಉಪವಾಸದಿಂದ ಹಿಗ್ಗಬೇಕಿಲ್ಲ ಎಂಬುದನ್ನು ಅದು ಕಲಿಸುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ತಾವಾಗಿ ಬಿಡುವುದು ಅಪಾಯಕರ. ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪಬಹುದು. ವೈದ್ಯರನ್ನು ಕೇಳಿಯೇ ಊಟದ ಅಳತೆಯನ್ನು ಬದಲಿಸತಕ್ಕದ್ದು.