ಹೇಜಲ್ ಪೊದೆ, ಲೂಪಿನ್ ಹೂ

ಇಂಗ್ಲಿಷ್ ಕಾದಂಬರಿಗಳನ್ನೂ ಕವನಗಳನ್ನೂ ಓದುತ್ತ ಬೆಳೆದ ನಮ್ಮಂಥವರಿಗೆ ಕಣ್ಣಾರೆ ಕಾಣದೆಯೇ ಪರಿಚಿತವಾದ ಗಿಡಮರಗಳು ಹಲವಿವೆ. ಹೆಸರನ್ನು ಬಲ್ಲೆವು, ರೂಪವನ್ನು ಅರಿಯೆವು. ಹೇಜಲ್ ಮತ್ತು ಲೂಪಿನ್ ಈ ಬಗೆಯವು. ಒಂದು ಕಾಯಿ ಬಿಡುವ ಪೊದೆಮರ, ಇನ್ನೊಂದು ಹೂವಿನ ಗಿಡ. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ತೂಗುವುದು ಮೇಲ್ನೋಟಕ್ಕೆ ವಿಚಿತ್ರವೆನಿಸೀತು. ಆದರೆ ಬ್ರಿಟನ್ನಿನ ಪಟ್ಟಣವೊಂದರ ಸಣ್ಣ ಹಿತ್ತಲಿನಲ್ಲಿ ಒಂದೇ ಒಂದು ಮೂಲೆ ಖಾಲಿ ಉಳಿದಿದೆ ಎಂದುಕೊಳ್ಳಿ. ಅಲ್ಲಿ ಏನನ್ನು ನೆಡಬೇಕೆಂದು ಯೋಚಿಸುತ್ತ ನಿಂತವನ ಮುಂದೆ ಈ ಪ್ರಶ್ನೆ ನಿಜವಾಗಿಯೂ ಏಳುತ್ತದೆ. ಈ ವರ್ಷದ ಕಣ್ಣಿಗೆ ನೆಡಬೇಕೋ, ಮುಂದಿನ ಐವತ್ತು ವರ್ಷಕ್ಕೆ ನೆಡಬೇಕೋ?

ಮೊದಲು ಲೂಪಿನ್ನನ್ನು ನೋಡೋಣ. ಇದು ನಮ್ಮ ಅವರೆ, ತೊಗರಿ, ಹುರುಳಿಗಳ ಬಳಗಕ್ಕೆ ಸೇರಿದ್ದು. ಎಲೆ ಬೆರಳುಗಳನ್ನು ಅಗಲಿಸಿ ಹಿಡಿದ ಅಂಗೈಯಂತಿರುತ್ತದೆ. ಮಳೆ ನಿಂತ ಮೇಲೆ ಆ ಅಂಗೈಯ ನಡುವೆ ಒಂದು ಹನಿ ನೀರು ಮಣಿಯಂತೆ ಕುಳಿತಿರುವುದು ನೋಡಲು ಬಲು ಸೊಗಸು. ಮೇ, ಜೂನ್ ತಿಂಗಳುಗಳಲ್ಲಿ ಸುಮಾರು ಒಂದು ಮೀಟರ್ ಎತ್ತರಕ್ಕೆ ಹೂತೆನೆಗಳು ನಿಲ್ಲುತ್ತವೆ. ತೋಟದ ಲೂಪಿನ್ನಿನ ಮೂಲ ನೆಲೆ ಉತ್ತರ ಅಮೆರಿಕದ ಪಶ್ಚಿಮ ಭಾಗ. 1820ರ ದಶಕದಲ್ಲಿ ಡೇವಿಡ್ ಡಗ್ಲಸ್ ಎಂಬ ಸಸ್ಯಾನ್ವೇಷಕ ಅದನ್ನು ಬ್ರಿಟನ್ನಿಗೆ ತಲುಪಿಸಿದ. ಆಗ ಅದರ ಹೂವು ಬಹುಮಟ್ಟಿಗೆ ನೀಲಿಯೇ.

ಇಂದು ಕಾಣುವ ಕೆಂಪು, ಹಳದಿ, ಗುಲಾಬಿ, ಎರಡು ಬಣ್ಣ ಬೆರೆತ ತೆನೆಗಳ ಹಿಂದೆ ಒಬ್ಬ ಮುದುಕನ ತಾಳ್ಮೆಯಿದೆ. ಯಾರ್ಕ್ ನಗರದ ಜಾರ್ಜ್ ರಸೆಲ್ ತೋಟದ ಕೆಲಸದಿಂದ ಜೀವನ ಸಾಗಿಸಿದವರು. 1911ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಗೇಣಿಗೆ ಪಡೆದ ತುಂಡು ನೆಲದಲ್ಲಿ ಅವರು ಲೂಪಿನ್ನುಗಳನ್ನು ಬೆಳೆಸತೊಡಗಿದರು. ಪರಾಗಸ್ಪರ್ಶದ ಕೆಲಸವನ್ನು ದುಂಬಿಗಳಿಗೆ ಬಿಟ್ಟರು. ತಾವು ಮಾಡಿದ್ದು ಮನಸ್ಸಿಗೆ ಒಪ್ಪದ ಸಸಿಗಳನ್ನು ವರ್ಷವರ್ಷವೂ ಕಿತ್ತೆಸೆಯುವುದು. ಹೀಗೆ ಇಪ್ಪತ್ತೈದು ವರ್ಷಗಳಿಗೂ ಮೀರಿ ಶ್ರಮಿಸಿ, 1937ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಆ ಹೂಗಳು ಜನರ ಕಣ್ಣಿಗೆ ಬಿದ್ದಾಗ ರಸೆಲ್ಲರಿಗೆ ಎಂಬತ್ತರ ಹತ್ತಿರದ ಪ್ರಾಯ. ಅವರು ತೀರಿಕೊಂಡದ್ದು 1951ರಲ್ಲಿ.

ಇಷ್ಟು ದೀರ್ಘ ತಾಳ್ಮೆಯ ಫಲವಾದ ಈ ಗಿಡ ಮಾತ್ರ ಅಲ್ಪಾಯು. ಬೀಜ ಬಿತ್ತಿದ ಮರುವರ್ಷವೇ ತುಂಬಿ ಹೂಬಿಡುತ್ತದೆ. ಐದಾರು ವರ್ಷಗಳಲ್ಲಿ ಬಡವಾಗಿ ಕಣ್ಮರೆಯಾಗುತ್ತದೆ. ಬೀಜದಿಂದ ಹುಟ್ಟಿದ ಮರಿ ತಾಯಿಯ ಬಣ್ಣವನ್ನೇ ತಾಳೀತೆಂಬ ಭರವಸೆಯಿಲ್ಲ. ತಾನಾಗಿ ಬಿದ್ದ ಬೀಜಗಳನ್ನು ಹಾಗೆಯೇ ಬೆಳೆಯಬಿಟ್ಟರೆ ಕೆಲವು ತಲೆಮಾರುಗಳಲ್ಲಿ ನೀಲಿಯೇ ಮೇಲುಗೈ ಪಡೆಯುತ್ತದೆ. ಮೆಚ್ಚಿದ ಬಣ್ಣವನ್ನು ಉಳಿಸಿಕೊಳ್ಳಬೇಕಾದರೆ ವಸಂತದ ಎಳೆಯ ಚಿಗುರನ್ನು ಬುಡದಿಂದ ಕತ್ತರಿಸಿ ಬೇರೂರಿಸಬೇಕು.

ಲೂಪಿನ್ ಎಂಬ ಹೆಸರು ತೋಳ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಗಿಡ ನೆಲದ ಸಾರವನ್ನು ತೋಳದಂತೆ ಕಬಳಿಸುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಸತ್ಯ ಇದಕ್ಕೆ ತೀರ ವಿರುದ್ಧ. ಅದರ ಬೇರುಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಬಡ ನೆಲದಲ್ಲಿ ಲೂಪಿನ್ ಹಸನಾಗಿ ಬೆಳೆಯುವುದೂ, ತನ್ನ ಕಾಲ ಮುಗಿದ ಮೇಲೆ ಆ ನೆಲವನ್ನು ಮೊದಲಿಗಿಂತ ಸಾರವತ್ತಾಗಿಸಿ ಹೋಗುವುದೂ ಈ ಕಾರಣದಿಂದಲೇ. ಆದರೆ ಒಂದು ಎಚ್ಚರಿಕೆ ಬೇಕು. ತೋಟದ ಲೂಪಿನ್ನಿನ ಕಾಯಿ ಬಟಾಣಿಯನ್ನು ಹೋಲುತ್ತದೆ, ಬೀಜ ಮಾತ್ರ ವಿಷ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ. ಮೆಡಿಟರೇನಿಯನ್ ತೀರದ ಜನ ಬೇರೊಂದು ಜಾತಿಯ ಲೂಪಿನ್ ಬೀಜವನ್ನು ಬೇಯಿಸಿ, ಹಲವು ದಿನ ನೀರು ಬದಲಿಸುತ್ತ ನೆನೆಸಿ, ಕಹಿ ಕಳೆದು ತಿನ್ನುವುದುಂಟು. ಹೂವಿನ ಗಿಡಕ್ಕೆ ಆ ಉಪಾಯ ಸಲ್ಲದು.

ಹೇಜಲ್ ಇನ್ನೊಂದು ಸ್ವಭಾವದ್ದು. ಅದು ಬ್ರಿಟನ್ನಿನ ನೆಲದ್ದೇ ಮರ. ಹಿಮಯುಗ ಕಳೆದ ಮೇಲೆ ಆ ದ್ವೀಪಗಳಿಗೆ ಬೇಗನೆ ಬಂದು ನೆಲೆಸಿದ ಮರಗಳಲ್ಲೊಂದು. ಸ್ಕಾಟ್ಲೆಂಡಿನ ಕೊಲೊನ್ಸೇ ದ್ವೀಪದ ಒಂದು ಗುಂಡಿಯಲ್ಲಿ ಸುಮಾರು 9,000 ವರ್ಷಗಳ ಹಿಂದಿನ, ಲಕ್ಷಗಟ್ಟಲೆ ಹೇಜಲ್ ಕಾಯಿಗಳ ಸುಟ್ಟ ಚಿಪ್ಪುಗಳು ಸಿಕ್ಕಿವೆ. ಬೇಸಾಯವನ್ನರಿಯದ ಜನ ಅವನ್ನು ಹುರಿದು ತಿಂದಿದ್ದರು. ಹೇಜಲ್ಲಿನ ಬಂಧುವೊಂದು ನಮ್ಮ ಹಿಮಾಲಯದಲ್ಲೂ ಇದೆ. ಹಿಮಾಚಲದ ಪಾಂಗಿ ಕಣಿವೆಯವರು ಅದರ ಕಾಯಿಯನ್ನು ಠಾಂಗಿ ಎಂದು ಕರೆಯುತ್ತಾರೆ.

ಲೂಪಿನ್ ಹೂವು ಹತ್ತು ಗಜ ದೂರದಿಂದ ಕರೆಯುತ್ತದೆ; ಹೇಜಲ್ ಹೂವನ್ನು ಹುಡುಕಿ ನೋಡಬೇಕು. ಚಳಿಗಾಲದ ಕೊನೆಗೆ, ಎಲೆಯಿಲ್ಲದ ಕೊಂಬೆಗಳಲ್ಲಿ ಹಳದಿಯ ಗಂಡುತೆನೆಗಳು ಜೋಲಾಡುತ್ತವೆ. ಹೆಣ್ಣುಹೂವೆಂದರೆ ಮೊಗ್ಗಿನ ತುದಿಯಿಂದ ಹೊರಚಾಚಿದ ಕೆಂಪು ನೂಲಿನೆಳೆಗಳಷ್ಟೇ. ಪರಾಗವನ್ನು ಒಯ್ಯುವುದು ಗಾಳಿ. ಫೆಬ್ರವರಿಯಲ್ಲಿ ಪರಾಗ ತಾಕಿದರೂ ಒಳಗೆ ಗರ್ಭ ಕಟ್ಟುವುದು ಮೂರು ನಾಲ್ಕು ತಿಂಗಳು ತಡೆದು. ಕಾಯಿ ಮಾಗುವ ಹೊತ್ತಿಗೆ ಸೆಪ್ಟೆಂಬರ್ ಬಂದಿರುತ್ತದೆ. ಇನ್ನೊಂದು ಸಂಗತಿ: ಒಂದು ಗಿಡದ ಪರಾಗ ಅದೇ ಗಿಡಕ್ಕೆ ಸಲ್ಲದು. ಹತ್ತಿರದಲ್ಲಿ ಬೇರೆ ತಳಿಯ ಹೇಜಲ್ ಇಲ್ಲದಿದ್ದರೆ ಎಷ್ಟು ಆರೈಕೆ ಮಾಡಿದರೂ ಕಾಯಿಗೆ ಆಸೆಪಡುವಂತಿಲ್ಲ. ನೆರೆಮನೆಯ ಬೇಲಿಯಲ್ಲೋ ಪಕ್ಕದ ಕಾಡಿನಲ್ಲೋ ಇನ್ನೊಂದು ಇದ್ದರಾಯಿತು. ನೆಟ್ಟ ಮೂರು ನಾಲ್ಕು ವರ್ಷಕ್ಕೆ ಮೊದಲ ಕಾಯಿ. ಅದು ಅಳಿಲಿನ ಪಾಲಾಗದಿದ್ದರೆ ಮಾತ್ರ ತೋಟಗಾರನಿಗೆ.

ಇಷ್ಟು ಭಿನ್ನವಾದ ಎರಡು ಗಿಡಗಳು ಒಂದು ವಿಷಯದಲ್ಲಿ ಒಂದಾಗುತ್ತವೆ. ಎರಡೂ ತೋಟಗಾರನ ಕೈಯ ಕತ್ತರಿಯನ್ನು ಬೇಡುತ್ತವೆ. ಲೂಪಿನ್ನಿನ ತೆನೆ ಬಾಡಿದೊಡನೆ, ಬೀಜ ಕಟ್ಟುವ ಮುನ್ನ ಕತ್ತರಿಸಿದರೆ ಅದರ ಶಕ್ತಿ ಬೇರಿನಲ್ಲೇ ಉಳಿಯುತ್ತದೆ; ಅದೇ ವರ್ಷ ಇನ್ನೊಮ್ಮೆ ಸಣ್ಣಗೆ ಹೂಬಿಡುವುದೂ ಉಂಟು. ಹೇಜಲ್ಲನ್ನಂತೂ ಬುಡದವರೆಗೆ ಕಡಿಯುವ ಪದ್ಧತಿ ಯುರೋಪಿನಲ್ಲಿ ಬಹು ಹಳೆಯದು. ನಮ್ಮ ರೇಷ್ಮೆ ಸೀಮೆಯಲ್ಲಿ ಹಿಪ್ಪುನೇರಳೆಯನ್ನು ನೆಲಮಟ್ಟಕ್ಕೆ ಸವರಿ ಹೊಸ ಚಿಗುರನ್ನು ಬರಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಮುಟ್ಟದೆ ಬಿಟ್ಟ ಹೇಜಲ್ ಎಪ್ಪತ್ತು ಎಂಬತ್ತು ವರ್ಷಕ್ಕೆ ಮುಪ್ಪಾಗುತ್ತದೆ; ಕಾಲಕಾಲಕ್ಕೆ ಕಡಿಸಿಕೊಂಡ ಬುಡ ಶತಮಾನಗಳನ್ನು ಕಾಣುತ್ತದೆ. ಕಾಯಿಯೂ ಬೇಕೆನ್ನುವವರು ಪೂರ್ತಿ ಕಡಿಯದೆ, ಪ್ರತಿ ಚಳಿಗಾಲದ ಕೊನೆಗೆ ಹಳೆಯ ಕಾಂಡಗಳಲ್ಲಿ ಕೆಲವನ್ನಷ್ಟೇ ತೆಗೆಯಬೇಕು.

ಕತ್ತರಿಯನ್ನು ಮರೆತರೆ ಆಗುವ ಫಲ ಮಾತ್ರ ಬೇರೆ ಬೇರೆ. ಹೇಜಲ್ ತಾನೇ ಮುಪ್ಪಾಗುತ್ತದೆ. ಲೂಪಿನ್ ಬೇಲಿ ದಾಟುತ್ತದೆ. ನ್ಯೂಜಿಲೆಂಡಿನಲ್ಲಿ ರಸೆಲ್ ಲೂಪಿನ್ನುಗಳು ಕಲ್ಲುಹರಳಿನ ನದೀಪಾತ್ರಗಳಿಗೆ ಹಬ್ಬಿ, ಬಯಲು ಹರಳಿನ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ನೆಲೆಯನ್ನು ಆವರಿಸಿವೆ. ಐಸ್‌ಲೆಂಡಿನಲ್ಲಿ ಕೊಚ್ಚಿಹೋಗುವ ಮಣ್ಣನ್ನು ಹಿಡಿಯಲೆಂದು 1945ರಲ್ಲಿ ಅಲಾಸ್ಕಾದಿಂದ ಇನ್ನೊಂದು ಜಾತಿಯನ್ನು ತಂದರು. ಅದು ಮಣ್ಣನ್ನೇನೋ ಹಿಡಿಯಿತು. ಆದರೆ ಅಲ್ಲಿನ ಕುಳ್ಳು ಗಿಡಗಳ ನೆಲವನ್ನೂ ನೀಲಿಯಾಗಿ ಮುಚ್ಚತೊಡಗಿತು. ಬಡ ನೆಲವನ್ನು ಸಾಕುವ ಗುಣವೇ ಎಲ್ಲೆ ಮೀರಿದಾಗ ಕಾಟವಾಯಿತು. ನದಿ, ಬಯಲುಗಳ ಸಮೀಪದಲ್ಲಿರುವ ತೋಟಗಾರ ಇದನ್ನು ನೆನೆಯಬೇಕು.

ಹಾಗಾದರೆ ಆ ಖಾಲಿ ಮೂಲೆಗೆ ಯಾವುದು? ಲೂಪಿನ್ನಿಗೆ ಬಿಸಿಲು, ನೀರು ನಿಲ್ಲದ, ತುಸು ಹುಳಿ ಗುಣದ ಮಣ್ಣು ಹಿತ. ಸುಣ್ಣದ ಮಣ್ಣು ಒಗ್ಗದು. ಹೇಜಲ್ ಸುಣ್ಣಕ್ಕೂ ಅರೆನೆರಳಿಗೂ ಹೊಂದಿಕೊಳ್ಳುತ್ತದೆ. ಸುಣ್ಣದ ಮಣ್ಣಾದರೆ ಆಯ್ಕೆ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ಎರಡನ್ನೂ ನೆಡಬಹುದು. ಎಳೆಯ ಹೇಜಲ್ ಬರಿಯ ಕಡ್ಡಿಯಂತಿರುವ ಮೊದಲ ವರ್ಷಗಳಲ್ಲಿ, ಅದರ ಬುಡದಿಂದ ತುಸು ದೂರದಲ್ಲಿ ಲೂಪಿನ್ ಹೂಬಿಡಲಿ. ಪೊದೆಯ ನೆರಳು ಅಲ್ಲಿಗೆ ತಲುಪುವ ಹೊತ್ತಿಗೆ ಲೂಪಿನ್ನಿನ ಆಯುಸ್ಸು ಮುಗಿದಿರುತ್ತದೆ, ಅದು ಬಿಟ್ಟುಹೋದ ಸಾರ ಮಣ್ಣಿನಲ್ಲಿರುತ್ತದೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ನಮ್ಮ ರೈತನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿ ಕೊಯ್ದು ಮನೆ ಸೇರಿದ ಮೇಲೂ ತೊಗರಿ ಹೊಲದಲ್ಲಿ ನಿಂತೇ ಇರುತ್ತದೆ.