ಕೆಳದವಡೆಗೆ ಎರಡು ಮೊಳೆ

ಭೀಮಾ ದಂಡೆಯ ಸೊನ್ನದ ಕಡೆ ಊಟದ ಹೊತ್ತಿಗೆ ಯಾರ ಮನೆಗೆ ಹೋದರೂ ತಾಟು ನೋಡಿಯೇ ಬಾಯಿಯ ಸ್ಥಿತಿ ಹೇಳಬಹುದು. ಹಲ್ಲಿದ್ದವರ ಮುಂದೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹಲ್ಲಿಲ್ಲದವರ ಮುಂದೆ ಹಾಲಲ್ಲಿ ಮುರಿದು ನೆನೆಹಾಕಿದ ರೊಟ್ಟಿ. ‘ವಯಸ್ಸಾತು, ಹೋಗ್ತಾವ’ ಅಂದರೆ ಮುಗಿಯಿತು. ತಂಬಾಕು, ಸಕ್ಕರೆ ಕಾಯಿಲೆ, ಒಸಡಿನ ಕೀವನ್ನು ಯಾರೂ ದೂರುವುದಿಲ್ಲ.

ಬಡ ಹಿರಿಯರಿಗೆ ಹಲ್ಲಿನ ಸೆಟ್ ಕೊಡುವ ‘ದಂತ ಭಾಗ್ಯ’ ರಾಜ್ಯದಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಮೇಲಿನ ಸೆಟ್ ಅಂಗುಳಕ್ಕೆ ಅಂಟಿ ನಿಂತರೂ ಕೆಳಗಿನದಕ್ಕೆ ಆಸರೆ ಕಡಿಮೆ. ನಾಲಿಗೆ ಹೊರಳಿದರೆ ಅದೂ ಹೊರಳುತ್ತದೆ. ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷದಿಂದ ವರ್ಷಕ್ಕೆ ಸವೆಯುವುದರಿಂದ ಮೊದಲು ಸರಿ ಕೂತದ್ದೂ ಸಡಿಲಾಗುತ್ತದೆ. ಕಡೆಗೆ ಸೆಟ್ ಗೋಡೆಯ ಗೂಡು ಸೇರುತ್ತದೆ, ರೊಟ್ಟಿ ಮತ್ತೆ ಹಾಲು ಸೇರುತ್ತದೆ.

ಇದಕ್ಕೊಂದು ದಾರಿ ಇಂಪ್ಲಾಂಟ್, ಅಂದರೆ ಹಲ್ಲಿಗೆ ಆಸರೆಯಾಗಿ ದವಡೆಯ ಎಲುಬಿಗೆ ಕೂರಿಸುವ ಟೈಟಾನಿಯಂ ಮೊಳೆ. ಅದು ಹುಟ್ಟಿದ್ದು ಹಲ್ಲಿನ ಚಿಂತೆಯಿಂದಲ್ಲ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವರ್ ಬ್ರೊನೆಮಾರ್ಕ್ ಮೊಲದ ಎಲುಬಿನೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಸಾಧನ ಕೂರಿಸಿದ್ದರು. ಆಮೇಲೆ ತೆಗೆಯಹೋದರೆ ಬರಲೇ ಇಲ್ಲ, ಎಲುಬು ಅದನ್ನು ಹಿಡಿದುಬಿಟ್ಟಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಅಂಥ ಮೊಳೆ ಕೂರಿಸಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು.

ಬಾಯಿ ತುಂಬ ಇಂಪ್ಲಾಂಟ್ ಅಂದರೆ ಲಕ್ಷಗಳ ಮಾತು, ತೊಗರಿ ಬೆಳೆದವರಿಗೆ ನಿಲುಕದ್ದು. ಆದರೆ ಅಷ್ಟು ಬೇಕಿಲ್ಲ. ಕೆಳದವಡೆಯ ಮುಂದೆ ಎರಡೇ ಮೊಳೆ ಕೂರಿಸಿ, ಮೂರು ತಿಂಗಳಷ್ಟು ಕಾದು, ಅವುಗಳ ಮೇಲೆ ಟಿಚ್ ಬಟನ್ನಿನ ಹಾಗೆ ಸೆಟ್ ಒತ್ತಿ ಕೂರಿಸಬಹುದು. ಹಲ್ಲೇ ಇಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆ ಆಗಬೇಕೆಂದು 2002ರಲ್ಲೇ ಮಾಂಟ್ರಿಯಲ್‌ನಲ್ಲಿ ಸೇರಿದ ತಜ್ಞರು ಹೇಳಿದ್ದರು. ಸಕ್ಕರೆ ಹತೋಟಿಯಲ್ಲಿರಬೇಕು, ತಂಬಾಕು ಬಿಡಬೇಕು. ನಮ್ಮ ಕಡೆ ಕಷ್ಟ ಇರುವುದು ಈ ಎರಡನೆಯದರಲ್ಲಿ.

ಒಂದು ಕೊರತೆಯನ್ನೂ ಹೇಳಬೇಕು. ಸ್ವಂತ ಹಲ್ಲಿನ ಬೇರಿನ ಸುತ್ತ ಸೂಕ್ಷ್ಮ ನಾರಿನ ಪದರ ಇರುತ್ತದೆ, ರೊಟ್ಟಿಯಲ್ಲಿ ಸಣ್ಣ ಹರಳು ಸಿಕ್ಕರೂ ತಟ್ಟನೆ ತಿಳಿಯುತ್ತದೆ. ಮೊಳೆಗೆ ಆ ಪದರ ಇಲ್ಲ. ಜೋಳ ಹಸನು ಮಾಡುವವರು ಇನ್ನಷ್ಟು ಕಣ್ಣಿಟ್ಟು ಆರಿಸಲಿ!

ಕಲಬುರಗಿಯ ದಂತ ಕಾಲೇಜಿಗೆ ಅವ್ವ, ಅಪ್ಪನನ್ನು ಕರೆದುಕೊಂಡು ಹೋದಾಗ ಸೆಟ್ಟಿನ ಅಳತೆ ಕೊಡುವ ಮುನ್ನ ಎಲುಬು ಎಷ್ಟು ಉಳಿದಿದೆ ಎಂದು ಎಕ್ಸ್‌ರೇ ನೋಡಿ ಹೇಳಲು ಕೇಳಿರಿ. ಸರ್ಕಾರವೂ ‘ದಂತ ಭಾಗ್ಯ’ದ ಕೆಳಗಿನ ಸೆಟ್ಟಿಗೆ ಆ ಎರಡು ಮೊಳೆಯ ಖರ್ಚು ಕೊಡಲಿ.